ಮೆಹನಾಜ ಹಾಕಿದ ಕಲಾಯಿ

ಕೊಟ್ಟೂರಿನಲ್ಲಿ ನಾನೂ ಮೆಹನಾಜಳೂ ಸೇರಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟದ್ದು 2003ರಲ್ಲಿ. ಹುಡುಗಿಯರ ಅಂಗಡಿ, ಮೂರು ದಿನದ ಸಂತೆ ಎಂದವರ ಹೆಸರು ನನಗೆ ಇವತ್ತಿಗೂ ನೆನಪಿದೆ. ಬರೆಯುವುದಿಲ್ಲ, ಅಷ್ಟೇ.

ಅವಳ ಅಪ್ಪ ಮಹಬೂಬ್ ಸಾಹೇಬರದು ಬಸ್ ಸ್ಟ್ಯಾಂಡ್ ಹಿಂದೆ ಟ್ರ್ಯಾಕ್ಟರ್ ಗ್ಯಾರೇಜು. ಅಂಗಡಿಗೆ ಒಪ್ಪುವಾಗ ಅವರು ಒಂದು ಷರತ್ತು ಹಾಕಿದ್ದರು: ಮಷೀನು ಕೆಟ್ಟರೆ ಮಗಳೇ ರಿಪೇರಿ ಮಾಡಬೇಕು, ಮೆಕ್ಯಾನಿಕ್ಕನ ಮಗಳು ಇನ್ನೊಬ್ಬ ಮೆಕ್ಯಾನಿಕ್ಕನ ಬಾಗಿಲು ತಟ್ಟಿದರೆ ಅವತ್ತೇ ಅಂಗಡಿಗೆ ಬೀಗ. ಸಾಹೇಬರು ಮಾತಿಗೆ ತಪ್ಪುವವರಲ್ಲ. ಅದೇ ನಮ್ಮ ಹೆದರಿಕೆ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಒಂದೇ ಒಂದು ಕಂಪ್ಯೂಟರು ಶುರುವಾದ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗತೊಡಗಿತು. ಪ್ರೊಸೆಸರಿನ ಮೇಲಿನ ಫ್ಯಾನು ತಿರುಗುವುದನ್ನೇ ಬಿಟ್ಟಿತ್ತು. ದಾವಣಗೆರೆಯಿಂದ ಬಸ್ ಕಂಡಕ್ಟರ್ ಕೈಯಲ್ಲಿ ಫ್ಯಾನು ಕೂರಿಸಿದ ಹೊಸ ಲೋಹದ ಕೂಲರು ಬಂತು, ಜೊತೆಗೆ ಪುಟ್ಟ ಟ್ಯೂಬಿನಲ್ಲಿ ಬಿಳಿ ಪೇಸ್ಟು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವುದು ಆ ಪೇಸ್ಟಿನ ಕೆಲಸ. ಗ್ಯಾರೇಜಿನಲ್ಲಿ ಬೆಳೆದ ಮೆಹನಾಜ ಬೇರಿಂಗಿಗೆ ಗ್ರೀಸ್ ತುಂಬಿದಂತೆ ಅದನ್ನು ಧಾರಾಳವಾಗಿ ಮೆತ್ತಿದಳು. ಅದೂ ಸುಣ್ಣದಂತೆ ಒಣಗಿ ಕೂತಿದ್ದ ಹಳೆಯ ಪೇಸ್ಟಿನ ಮೇಲೆಯೇ. ಕಂಪ್ಯೂಟರು ಮತ್ತೆ ಆರಿತು.

ಸುದ್ದಿ ತಿಳಿದು ಸಾಹೇಬರು ಬಂದರು. ಒಳಗೆ ಇಣುಕಿ ನೋಡಿ, "ಇನ್ನಷ್ಟು ಹಾಕು ಬೇಟಿ. ಗ್ರೀಸಿನಾಗ ಜಿಪುಣತನ ಮಾಡಿದ್ರ ಮಷೀನು ಉಳಿಯಂಗಿಲ್ಲ" ಎಂದರು. ನಾನಾಗಿದ್ದರೆ ತಲೆಯಾಡಿಸಿ ಹಾಕಿಬಿಡುತ್ತಿದ್ದೆ.

ಮೆಹನಾಜ ಕೂಲರನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಾ ನಿಂತಳು. ಅವಳ ಅಜ್ಜ ಗುಡೇಕೋಟೆ, ಕೋಗಳಿ ಎಂದು ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದಮೇಲೆ ಆ ಕೆಲಸ ನಿಂತು, ಸಾಹೇಬರು ಬೆಂಕಿಗೆ ಗಾಳಿ ಊದುವ ತಿದಿ ಬಿಟ್ಟು ಸ್ಪ್ಯಾನರ್ ಹಿಡಿದಿದ್ದರು.

"ಇದು ಬೇರಿಂಗ್ ಅಲ್ಲ ಅಬ್ಬಾ. ಅಜ್ಜನ ಕಲಾಯಿ ಇದ್ದಂಗ ಐತಿ. ಮೊದ್ಲು ತಿಕ್ಕಬೇಕು, ಆಮ್ಯಾಲೆ ಚೂರೇ ಚೂರು ಹಚ್ಚಬೇಕು."

ಸಾಹೇಬರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಸ್ಪಿರಿಟಿನಲ್ಲಿ ಹತ್ತಿಬಟ್ಟೆ ಅದ್ದಿ, ಎರಡೂ ಕಡೆಯ ಪೇಸ್ಟನ್ನು ಲೋಹ ಹೊಳೆಯುವ ತನಕ ಒರೆಸಿ ಆರಲು ಬಿಟ್ಟಳು. ಪ್ರೊಸೆಸರಿನ ನಟ್ಟನಡುವೆ ಅಕ್ಕಿಕಾಳಿಗಿಂತ ತುಸು ದಪ್ಪ ಪೇಸ್ಟು ಇಟ್ಟು, ಕೂಲರನ್ನು ಅಲುಗದಂತೆ ನೇರವಾಗಿ ಒತ್ತಿ ಕ್ಲಿಪ್ಪು ಹಾಕಿದಳು.

ಸಂಜೆಯವರೆಗೆ ಮದುವೆ ಕಾರ್ಡು ಟೈಪು ಮಾಡಿದೆವು. ಕಂಪ್ಯೂಟರು ಒಮ್ಮೆಯೂ ಆರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎದುರಿನ ಬಟ್ಟೆ ಅಂಗಡಿಯ ಚೌಡಣ್ಣನನ್ನು ಕರೆದು ಚಹಾ ಕುಡಿಸಿ, ಕೂರಿಸಿಕೊಂಡು ಅದು ಓಡುವುದನ್ನು ತೋರಿಸಿದೆ. ಅವನಿಗೇ ಯಾಕೆ ಎಂದು ಕೇಳಬೇಡಿ.

ಸಾಹೇಬರು ಅಷ್ಟೂ ಹೊತ್ತು ಬೆಂಚಿನ ಮೇಲೆ ಕೂತಿದ್ದು ಎದ್ದು ಹೋದರು. ಮರುದಿನ ಬಂದಾಗ ಕೈಯಲ್ಲಿ ಅಜ್ಜನ ಇಕ್ಕಳವಿತ್ತು, ಕಾದ ಪಾತ್ರೆ ಹಿಡಿಯುತ್ತಿದ್ದದ್ದು. ಅದನ್ನು ಮಗಳ ಮುಂದೆ ಇಟ್ಟರು.

"ನಮ್ಮಪ್ಪನ ಕೆಲಸ ನನ್ನ ಕಾಲಕ್ಕ ಮುಗೀತು ಅಂತ ತಿಳಿದಿದ್ದೆ. ನಿನ್ನ ಕೈಯಾಗ ಐತಿ ನೋಡು."

ಇಕ್ಕಳ ಈಗಲೂ ಮಾನಿಟರಿನ ಪಕ್ಕದಲ್ಲಿದೆ. ಅದೇನೆಂದು ಯಾರಾದರೂ ಕೇಳಿದರೆ, ಮೆಹನಾಜ ಬಾಯಿ ತೆರೆಯುವ ಮೊದಲೇ ನಾನು ಹೇಳಲು ಶುರುಮಾಡುತ್ತೇನೆ.