ಹಿಮ್ಮಡಿ ತಾಗಿದ ಕಲ್ಲು

ಬೈಕಿನ ಸ್ಪರ್ಧೆ ಇದೆ ಬಾ ಎಂದು ತಮ್ಮ ಕರೆದಾಗ, ನೋಡುವುದಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡೆ. ಅವನು ಕರೆದದ್ದು ಕೆಲಸಕ್ಕೆ.

"ಓಡ್ಸಾವ್ರು ಬೇಕಾದಷ್ಟ ಮಂದಿ ಅದಾರಕ್ಕಾ. ನಿಂತು ನೋಡಿ ಮಾರ್ಕ್ ಹಾಕಾವ್ರ ಇಲ್ಲ. ಅವರಿಲ್ಲಂದ್ರ ಸ್ಪರ್ಧಾನ ಇಲ್ಲ" ಎಂದ.

ಅವನದು ರಾಯಬಾಗದಲ್ಲಿ ಗ್ಯಾರೇಜು. ಅವ್ವ ಅವನ ಜೊತೆಗೇ ಇದ್ದಳು. ನಾನು ಸೊಸೆಯಾಗಿ ಬಂದದ್ದು ಕಾಗವಾಡದ ಹತ್ತಿರ ದ್ರಾಕ್ಷಿ ಬೆಳೆಯುವ ಮನೆಗೆ. ಬೈಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಹಿಂದೆ ಕೂತು ಸೀರೆಯ ಸೆರಗು ಹಿಡಿದುಕೊಳ್ಳುವುದಷ್ಟೇ. ತಮ್ಮ ಅಂಗಳದಲ್ಲಿ ಕೂತು ಎಲ್ಲವನ್ನೂ ತಿಳಿಸಿ ಹೇಳಿದ. ಇದಕ್ಕೆ ಟ್ರಯಲ್ಸ್ ಅನ್ನುತ್ತಾರೆ, ಇದು ವೇಗದ ಓಟವಲ್ಲ. ಕಲ್ಲುಬಂಡೆ, ಕೊರಕಲು, ಏರು ಇರುವ ಜಾಗದಲ್ಲಿ ಎರಡೂ ಕಡೆ ಪಟ್ಟಿ ಕಟ್ಟಿ ದಾರಿ ಮಾಡಿರುತ್ತಾರೆ. ಅದರೊಳಗೆ ಕಾಲು ಊರದೆ ಬೈಕು ದಾಟಿಸಬೇಕು. ಒಮ್ಮೆ ಕಾಲು ನೆಲಕ್ಕೆ ತಾಗಿದರೆ ಒಂದು ಅಂಕ, ಬಿದ್ದರೆ ಐದು. ಕೊನೆಗೆ ಯಾರಿಗೆ ಅಂಕ ಕಡಿಮೆಯೋ ಅವರು ಗೆದ್ದರು. ಅಂಥ ಒಂದೊಂದು ದಾರಿಗೆ ಸೆಕ್ಷನ್ ಎಂದು ಹೆಸರು, ಒಂದೊಂದಕ್ಕೂ ಒಬ್ಬರು ನಿಂತು ಕಾಲನ್ನೇ ನೋಡುತ್ತಿರಬೇಕು. ಅವರೇ ಅಬ್ಸರ್ವರ್.

"ತ್ವಾಟದಾಗಿನ ಕೆಲಸ ಬಿಟ್ಟು ಮಂದಿ ಕಾಲ ನೋಡಾಕ ಹೊಂಟೀಯೇನು?" ಎಂದು ನನ್ನ ಯಜಮಾನರು ನಕ್ಕರು. ಆದರೂ ಬೇಡ ಅನ್ನಲಿಲ್ಲ.

ಸ್ಪರ್ಧೆ ನಡೆಯುತ್ತಿದ್ದದ್ದು ಚಿಕ್ಕೋಡಿ ತಾಲೂಕಿನ ಕರೋಶಿಯ ಆಚೆ, ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿಯಲ್ಲಿ. ಮೊದಲ ದಿನವೇ ಇದು ಕುರ್ಚಿ ಹಾಕಿಕೊಂಡು ಕೂರುವ ಕೆಲಸವಲ್ಲ ಎಂದು ತಿಳಿಯಿತು. ಸುತ್ತ ಎಲ್ಲೂ ನೆರಳಿಲ್ಲ. ಸವಾರರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಾರೆ, ರೊಟ್ಟಿ ಬಿಚ್ಚುವುದಕ್ಕೂ ಬಿಡುವಿಲ್ಲ. ಹೆಣ್ಣುಮಕ್ಕಳಿಗೆ ಹೋಗಿಬರಲು ಜಾಗವಿಲ್ಲದ್ದರಿಂದ ನಾನು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಎರಡು ಕಾಲು, ಎರಡು ಚಕ್ರ, ಎರಡು ಕಡೆಯ ಪಟ್ಟಿ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಕಣ್ಣಿಗೆ ಧೂಳು ಬಿದ್ದರೂ ರೆಪ್ಪೆ ಮುಚ್ಚುವಂತಿಲ್ಲ. ಯಾರಾದರೂ ಬಿದ್ದರೆ ಮೊದಲು ಓಡಿಹೋಗಿ ಕೈ ಕೊಡುವವರೂ ನಾವೇ. ಎಬ್ಬಿಸಿ ನಿಲ್ಲಿಸಿದವನ ಎದುರಿಗೇ ಐದು ಬೆರಳು ತೋರಿಸಬೇಕು. ಅವನು ಕನ್ನಡದಲ್ಲೋ ಮರಾಠಿಯಲ್ಲೋ ಬೈದುಕೊಳ್ಳುತ್ತ ಹೋಗುತ್ತಾನೆ.

ಆದರೂ ನನಗೆ ಅದು ಹಿಡಿಸಿತು. ಮದುವೆಯಾದ ಮೇಲೆ ಯಾರದೋ ಹೆಂಡತಿ, ಯಾರದೋ ಅವ್ವ ಎಂದಲ್ಲದೆ ನಾನು ನಾನಾಗಿಯೇ ಒಂದು ಕಡೆ ಬೇಕಾಗಿದ್ದದ್ದು ಅಲ್ಲಿಯೇ. ಎಲ್ಲರೂ 'ಅಕ್ಕಾರ' ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ತಮ್ಮ ಮತ್ತೆ ಸಿಕ್ಕಿದ್ದ. ಬೆಳಿಗ್ಗೆ ಬೈಕನ್ನು ಪಿಕಪ್ಪಿನಲ್ಲಿ ಹೇರಿಕೊಂಡು ನನ್ನನ್ನು ಕರೆದೊಯ್ಯಲು ಅಷ್ಟು ದೂರ ಬರುತ್ತಿದ್ದ. ಚಿಕ್ಕೋಡಿಯಲ್ಲಿ ಚಹಾ ಕುಡಿಸುತ್ತಿದ್ದ. ದಾರಿಯುದ್ದಕ್ಕೂ ಸಣ್ಣವನಿದ್ದಾಗಿನಂತೆ ಮಾತು. ನನ್ನ ಸೆಕ್ಷನ್ನಿನಲ್ಲಿ ಅವನಿಗೂ ಎಷ್ಟೋ ಸಲ ಬೆರಳು ತೋರಿಸಿದ್ದೇನೆ. "ಸ್ವಂತ ಅಕ್ಕನ ಕೈಯಾಗ ಸಿಕ್ಕೇನಿ ನೋಡ್ರಿ" ಎಂದು ನಗುತ್ತ ಹೋಗುತ್ತಿದ್ದ. ಅವನು ಗೆಲ್ಲುವವರ ಸಾಲಿನಲ್ಲಿ ಇರಲಿಲ್ಲ. ಹಾಗಾಗಿ ನಗುವುದು ಸುಲಭವಿತ್ತು.

ಒಂದು ವರ್ಷ ಮಾತ್ರ ಅವನು ಬೇರೆಯೇ ಆಗಿದ್ದ. ದೀಪಾವಳಿ ಕಳೆದು ಬಿಸಿಲು ಹದವಾಗಿದ್ದ ದಿನ. ಮೊದಲ ಬಾರಿಗೆ ಅವನ ಹೆಂಡತಿ, ಹೆಂಡತಿಯ ತವರಿನವರು, ಗ್ಯಾರೇಜಿನ ಹುಡುಗರು ಎಲ್ಲರೂ ಜೀಪು ಮಾಡಿಕೊಂಡು ನೋಡಲು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನೂ ನಿಪ್ಪಾಣಿಯ ಒಬ್ಬ ಹಿರಿಯ ಸವಾರರೂ ಅಂಕದಲ್ಲಿ ಸರಿಸಮ ಇದ್ದರು. ಆ ಹಿರಿಯರು ಕೊನೆಯ ಸುತ್ತಿನ ನನ್ನ ಸೆಕ್ಷನ್ನನ್ನು ಕಾಲು ಊರದೆ ದಾಟಿ ಮುಗಿಸಿಬಿಟ್ಟರು. ತಮ್ಮನಿಗೂ ಉಳಿದದ್ದು ಅದೊಂದೇ.

ಅವನು ಪಟ್ಟಿಯೊಳಗೆ ಬಂದ. ಮುಂದಿನ ಚಕ್ರ ಬಂಡೆ ಏರಿತು. ಹಿಂದಿನ ಚಕ್ರ ಜಾರಿತು. ಬೈಕು ಎಡಕ್ಕೆ ವಾಲಿತು, ಅವನ ಎಡಗಾಲು ಕೆಳಗಿಳಿದು ಬೂಟಿನ ಹಿಮ್ಮಡಿ ಒಂದು ಕಲ್ಲಿಗೆ ತಾಗಿ ಮತ್ತೆ ಮೇಲೆ ಹೋಯಿತು. ಬೈಕು ಬಂಡೆ ದಾಟಿತು. ಜನ ನಿಂತದ್ದು ಬಲಗಡೆ. ಆ ಕಾಲು ಕಾಣುತ್ತಿದ್ದದ್ದು ನನ್ನೊಬ್ಬಳಿಗೆ. ಆಚೆ ಕಡೆ ಶಿಳ್ಳೆ ಶುರುವಾಗಿತ್ತು.

ನಾನು ಒಂದು ಬೆರಳು ಎತ್ತಿದೆ.

ಅವನು ಬೈಕು ನಿಲ್ಲಿಸಿ ಬಂದ. "ಯಾತರ ಒಂದು? ಕಾಲ ಹಚ್ಚೇ ಇಲ್ಲ ನಾ."

"ಹಚ್ಚೀಯೋ ತಮ್ಮಾ. ಎಡಗಾಲ ಹಿಂಬಡ."

"ಸುಳ್ಳ ಹೇಳಬ್ಯಾಡ. ಇಷ್ಟ ಮಂದಿ ನೋಡ್ಯಾರ."

ಅವನು ಹಾಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಮಿರಜಿನ ಕಡೆಯ ಒಬ್ಬರು, ಹೋಗಲಿ ಬಿಡಿ ತಾಯಿ, ನಿಮ್ಮ ತಮ್ಮನೇ ಅಲ್ಲವೇ ಎಂದು ಮರಾಠಿಯಲ್ಲಿ ಕೂಗಿದರು. ನಿಪ್ಪಾಣಿಯ ಹಿರಿಯರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತ ನಿಂತಿದ್ದರು. ಸ್ಪರ್ಧೆ ನಡೆಸುವವರು ಓಡಿ ಬಂದರು.

"ಅಕ್ಕಾರ, ಖಾತ್ರಿ ಐತೇನ್ರಿ?"

"ಐತ್ರಿ" ಎಂದೆ. ಎತ್ತಿದ ಬೆರಳು ಇಳಿಸಲಿಲ್ಲ.

ಅಬ್ಸರ್ವರ್ ಹೇಳಿದ್ದೇ ಕೊನೆ. ತಮ್ಮ ಎರಡನೆಯವನಾದ. ಬಹುಮಾನ ಹಂಚುವ ಹೊತ್ತಿಗೆ ಅವನು ಅಲ್ಲಿರಲಿಲ್ಲ. ನಾನು ಯಾರದೋ ಗಾಡಿಯಲ್ಲಿ ಚಿಕ್ಕೋಡಿಗೆ ಬಂದು ಬಸ್ಸು ಹಿಡಿದು ಮನೆ ಸೇರಿದೆ.

ಸಿಟ್ಟು ಒಂದು ವಾರ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದುಕೊಂಡಿದ್ದೆ. ತಿಂಗಳುಗಳು ಕಳೆದು ನಾಗರ ಪಂಚಮಿ ಬಂತು. ಪ್ರತಿ ವರ್ಷ ತವರಿಗೆ ಕರೆಯಲು ಬರುತ್ತಿದ್ದವನು ಅವನೇ. ಈ ಸಲ ಅವನ ಹೆಂಡತಿ ಹಬ್ಬದ ಉಂಡಿಯ ಡಬ್ಬಿ ಹಿಡಿದು ಬಂದಳು. "ಗ್ಯಾರೇಜಿನಾಗ ಭಾಳ ಕೆಲಸ ಐತ್ರಿ ಅಕ್ಕಾರ, ಬರಾಕ ಆಗಲಿಲ್ಲ ಅವರಿಗೆ" ಎಂದಳು. ನಾನೂ ತಲೆ ನೋವಿನ ನೆಪ ಹೇಳಿ ಹೋಗಲಿಲ್ಲ. ಕರೆಯಬೇಕಾದವನು ಅವನು, ಅವನೇ ಬರಲಿ ಎಂಬ ಬಿಗುಮಾನ. ಮುಂದಿನ ಪಂಚಮಿಯೂ ಹಾಗೇ ಹೋಯಿತು. ಅವ್ವನನ್ನು ನೋಡಲು ನಾನು ಹೋದರೆ ಅವನು ಗ್ಯಾರೇಜು ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ "ಆರಾಮಿದ್ದೀಯಕ್ಕಾ?" ಎನ್ನುತ್ತಿದ್ದ, "ಆರಾಮೋ" ಎನ್ನುತ್ತಿದ್ದೆ. ಅಷ್ಟೇ.

ಸ್ಪರ್ಧೆಗೆ ಅವನು ಮತ್ತೆ ಬರಲಿಲ್ಲ. ನಾನು ಹೋದೆ. ಆದರೆ ಮೊದಲಿನ ಕಣ್ಣು ನನಗೆ ಇರಲಿಲ್ಲ. ತೋಟದಲ್ಲಿ ಬಳ್ಳಿ ಸವರುವಾಗ, ಔಷಧಿ ಹೊಡೆಯುವಾಗ ಆ ಹಿಮ್ಮಡಿಯೇ ಕಣ್ಣ ಮುಂದೆ ಬರುತ್ತಿತ್ತು. ಒಮ್ಮೆ ಕಲ್ಲಿಗೆ ತಾಗಿದಂತೆ, ಇನ್ನೊಮ್ಮೆ ಕೂದಲೆಳೆಯಷ್ಟು ಮೇಲೆ ನಿಂತಂತೆ. ನೋಡಿದ್ದೇ ಸುಳ್ಳಿರಬಹುದೇ? ನೆನೆಸಿಕೊಂಡಷ್ಟೂ ಅದು ಮಸುಕಾಗುತ್ತಿತ್ತು. ಕೊನೆಗೆ ಒಂದು ಸ್ಪರ್ಧೆಯಲ್ಲಿ ನಾನೇ ಒಬ್ಬ ಸವಾರನನ್ನು "ಕಾಲ ಹತ್ತಿತೇನ್ರೀ?" ಎಂದು ಕೇಳಿಬಿಟ್ಟೆ. "ನೋಡಾವ್ರು ನೀವಲ್ರೀ ಅಕ್ಕಾರ!" ಎಂದು ಅವನು ನಕ್ಕ. ಅವತ್ತೇ ಆ ಕೆಲಸ ಸಾಕು ಎನಿಸಿತು. ನಾನು ಬಿಟ್ಟ ಮೇಲೆ ಇನ್ನಿಬ್ಬರು ಅಬ್ಸರ್ವರ್‌ಗಳೂ ಬಿಟ್ಟರು. ನಿಲ್ಲುವವರೇ ಸಿಗದೆ ಸ್ಪರ್ಧೆಯೂ ನಿಂತಿತು. ಈಗ ಆ ಖಣಿಯಲ್ಲಿ ನೀರು ತುಂಬಿದೆ. ಸುತ್ತಲಿನ ಕಬ್ಬಿನ ಹೊಲಗಳಿಗೆ ಅಲ್ಲಿಂದಲೇ ಪೈಪು ಎಳೆದಿದ್ದಾರೆ.

ಈ ನಡುವೆ ಅವ್ವ ತೀರಿಕೊಂಡಳು. ಮಣ್ಣಿನ ದಿನ ಅಕ್ಕ ತಮ್ಮ ಅಕ್ಕಪಕ್ಕದಲ್ಲೇ ನಿಂತು ಅತ್ತೆವು. ಆಗಲೂ ಮಾತು ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ರಾಯಬಾಗದಲ್ಲಿ ಒಂದು ಮದುವೆಯಿತ್ತು. ಊಟವಾದ ಮೇಲೆ ಕಾಲುಗಳು ತಾವಾಗಿಯೇ ಗ್ಯಾರೇಜಿನ ಕಡೆ ಹೊರಟವು. ಅವನು ಕನ್ನಡಕ ಹಾಕಿಕೊಂಡು ಯಾವುದೋ ಸ್ಕೂಟರಿನ ಕೆಳಗೆ ಬಗ್ಗಿದ್ದ. ತಲೆಯ ಹಿಂಭಾಗ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈ ಒರೆಸಿಕೊಂಡು ಸ್ಟೂಲು ಹಾಕಿದ, ಚಹಾ ತರಿಸಿದ. ಮಳೆ, ದ್ರಾಕ್ಷಿ ರೇಟು, ಮಕ್ಕಳ ಶಾಲೆ ಎಂದು ಏನೇನೋ ಮಾತಾಡಿದೆವು. ನಾನು ಏಳುವ ಹೊತ್ತಿಗೆ ಅವನು ಸ್ಪಾನರ್ ತಿರುವುತ್ತ, ನನ್ನ ಕಡೆ ನೋಡದೆ ಅಂದ:

"ಹತ್ತಿತ್ತಕ್ಕಾ."

"ಏನೋ?"

"ಹಿಂಬಡ. ಕಲ್ಲಿಗೆ ಬಡದದ್ದು ನನಗ ಆವಾಗ ಗೊತ್ತಾಗಿತ್ತು."

ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ.

"ಬೀಗರು, ಹುಡುಗರು ಎಲ್ಲಾರೂ ನೋಡಾಕತ್ತಿದ್ರು. ಬಾಯಿಂದ ಬಂದ್ಬಿಡ್ತು. ಅಷ್ಟ ಮಂದಿ ಮುಂದ ನೀ ಸುಳ್ಳ ಹೇಳ್ತಿ ಅಂದ ಮ್ಯಾಲ ಯಾವ ಮಾರಿ ಹೊತ್ತು ನಿನ್ನ ಮನೀಗೆ ಬರ್ಲಿ? ಈ ಪಂಚಮಿಗೆ ಹೋಗ್ತೇನಿ, ಮುಂದಿನ ಪಂಚಮಿಗೆ ಹೋಗ್ತೇನಿ ಅನ್ಕೋತ ಹ್ವಾದೆ."

"ನೀ ನನ್ ಮ್ಯಾಲ ಸಿಟ್ಟಾಗೀದಿ ಅಂತ ತಿಳಿದಿದ್ನಲ್ಲೋ."

"ನೀ ಸಿಟ್ಟಾಗೀದಿ ಅಂತ ನಾ ತಿಳಿದಿದ್ನಿ."

"ಗಾಡಿ ಎಲ್ಲೈತಿ?"

"ಮಾರಿದೆ. ಅದನ್ನ ನೋಡಿದಾಗೊಮ್ಮೆ ಅದ ನೆನಪು ಬರ್ತಿತ್ತು." ಸೊಂಟ ಮುಟ್ಟಿಕೊಂಡು, "ಈಗ ಕೊಟ್ರೂ ಓಡ್ಸಾಕ ಆಗಂಗಿಲ್ಲ" ಎಂದ.

ನನ್ನ ಕಣ್ಣು ಸರಿಯಿತ್ತು ಎಂದು ತಿಳಿದಾಗ ಹಗುರವಾಗಬೇಕಿತ್ತು. ಆಗಲಿಲ್ಲ. ನಾನೇ ತಪ್ಪಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣ ಅನಿಸಿತು. ಒಂದು ಮಾತಿಗೆ ನಾಚಿ ಅವನು ಅಲ್ಲಿ, ಕರೆಯಲು ಬರಲಿ ಎಂದು ಕಾಯುತ್ತ ನಾನು ಇಲ್ಲಿ. ಇಬ್ಬರ ತಲೆಯೂ ಬೆಳ್ಳಗಾಯಿತು.

"ಅವ್ವ ಇದ್ದಾಗರ ಹೇಳಬಾರದಿತ್ತೇನೋ" ಎಂದೆ. "ಯಾಕ ಹಿಂಗಾತು, ಯಾಕ ಹಿಂಗಾತು ಅಂತ ಕೊರಗೇ ಹೋದಳಲ್ಲ."

ಅವನು ಸ್ಪಾನರ್ ಕೆಳಗಿಟ್ಟ.

"ಅವ್ವಗ ಹೇಳಿದ್ನಿ. ನೀನ ಹೋಗಿ ಅಕ್ಕಗ ಹೇಳು, ನಾ ಹೇಳಂಗಿಲ್ಲ ಅಂದ್ಲು. ನನ್ನ ಕೈಲೆ ಆಗಲಿಲ್ಲ."

ಹಾಗಾದರೆ ಕೊನೆಯ ವರ್ಷಗಳಲ್ಲಿ ನಾನು ಹೋದಾಗಲೆಲ್ಲ ಅವ್ವ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದದ್ದು ಅದಕ್ಕೇ. ಅವನು ಒಳಗೆ ಬಂದು ಹೇಳಲಿ ಎಂದು.

ಬಸ್ಸಿನ ಹೊತ್ತಾಗಿತ್ತು. ಅವನು ಎದ್ದು ಕೈ ತೊಳೆದುಕೊಂಡು ನನ್ನ ಚೀಲ ಎತ್ತಿಕೊಂಡ. ಸ್ಟ್ಯಾಂಡಿನವರೆಗೂ ಇಬ್ಬರೂ ನಡೆದೇ ಹೋದೆವು.