ಐಸಿನಲ್ಲಿ ಹೋದ ಗುಂಡಿಗೆ

ಭಾನುವಾರ ಬೆಳಿಗ್ಗೆ ಮಾಲೂರಿನ ನಮ್ಮ ಬೀದಿಗೆ ಮೀನಿನವನು ಮೊಪೆಡ್ಡಿನಲ್ಲಿ ಬರುತ್ತಾನೆ. ಹಿಂದಿನ ಸೀಟಿಗೆ ರಬ್ಬರ್ ಹಗ್ಗದಲ್ಲಿ ಬಿಗಿದ ನೀಲಿ ಐಸ್ ಪೆಟ್ಟಿಗೆ. ಹೋದ ವಾರ ಅವನು ಮುಚ್ಚಳ ತೆಗೆದಾಗ ನಾನು ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮೀನಿಗಿಂತ ಮೊದಲು ಐಸಿನ ವಾಸನೆ ಬಂತು. ಐಸಿಗೆ ಎಂಥ ವಾಸನೆ ಎಂದು ನಗಬೇಡಿ, ಇದೆ. ಒದ್ದೆ ಪ್ಲಾಸ್ಟಿಕ್ಕಿನದು, ಮೂಗಿನೊಳಗೆ ಸಣ್ಣಗೆ ಚುಚ್ಚುವಂಥದ್ದು. ಮೀನು ಬೇಡವೆಂದು ಒಳಗೆ ಬಂದುಬಿಟ್ಟೆ. ಅವನು ಗೊಣಗಿಕೊಂಡು ಹೋದ. ಆ ದಿನ ಪೂರ್ತಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕೋಲಾರದಲ್ಲಿ ನರ್ಸಾಗಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಒಡತಿ ನೆನಪಾಗಿದ್ದರು. ಬೀದಿಗೆಲ್ಲ ಅವರು ಓನರಮ್ಮ, ನನಗೂ ಅಷ್ಟೇ. ತವರು ಮುಳಬಾಗಿಲು ತಾಲೂಕಿನ ದೇವರಾಯಸಮುದ್ರ. ಮನೆಮಾತು ತೆಲುಗು, ಬೀದಿಮಾತು ಕನ್ನಡ, ಬೈಗುಳ ಎರಡರಲ್ಲೂ. ನೀರಿನ ಮೋಟಾರು ಸ್ವಲ್ಪ ಹೆಚ್ಚು ಓಡಿದರೆ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು, ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದರು. ನನಗೂ ಅದೇ ರೋಗ. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಜಗಳವಾಗುತ್ತಿತ್ತು, ಚೆನ್ನಾಗಿ ಹೊಂದುತ್ತಲೂ ಇತ್ತು.

ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಬ್ಬ ತಮ್ಮ. ತಾಯಿ ಹೋದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದನಂತೆ, ಸಾಕಿದ್ದೆಲ್ಲ ಇವರೇ. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಹೆಣ್ಣು ನೋಡುತ್ತಿದ್ದರು, ನೋಡಿದ ಪ್ರತಿ ಹೆಣ್ಣಿನಲ್ಲೂ ಏನಾದರೊಂದು ಕೊಂಕು ತೆಗೆಯುತ್ತಿದ್ದರು.

ಒಂದು ಸಂಜೆ ಫ್ಯಾಕ್ಟರಿಯಿಂದ ಬರುವಾಗ ಅವನ ಬೈಕು ಟ್ರ್ಯಾಕ್ಟರಿನ ಹಿಂಬದಿಗೆ ಹೊಡೆಯಿತು. ನಾನಿದ್ದ ಆಸ್ಪತ್ರೆಗೇ ತಂದರು. ಕೆಲವು ದಿನ ನೋಡಿ, ಪರೀಕ್ಷೆಗಳನ್ನು ಎರಡೆರಡು ಸಲ ಮಾಡಿ, ಮೆದುಳು ಸತ್ತಿದೆ, ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಮಿಷನ್ನಿನ ಉಸಿರಿಗೆ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಹಾಸಿಗೆಯ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಓಡುತ್ತಲೇ ಇತ್ತು...

ಅಂಗದಾನದ ಮಾತು ತೆಗೆದವನು ಆಸ್ಪತ್ರೆಯ ಕೋಆರ್ಡಿನೇಟರ್. ಮೈಸೂರು ಕಡೆಯವನು, ಮೆತ್ತಗಿನ ಮಾತು. ಓನರಮ್ಮ ಎಲ್ಲವನ್ನೂ ನಿಂತೇ ಕೇಳಿಸಿಕೊಂಡರು. ತಮ್ಮನ ಎದೆಯ ಮೇಲೆ ಅಂಗೈಯಿಟ್ಟರು. ಆಮೇಲೆ, "ಇದು ನಿಲ್ಲಲ್ಲ ತಾನೇ?" ಎಂದು ಒಂದೇ ಮಾತು ಕೇಳಿದರು.

"ಇಲ್ಲ ಅಮ್ಮ, ಇನ್ನೊಬ್ಬರ ಎದೇಲಿ ಬಡೀತಾ ಇರುತ್ತೆ" ಎಂದ ಅವನು.

"ಹಂಗಾದ್ರೆ ತಗೊಳ್ಳಿ" ಎಂದರು.

ಅವನು ಸುಳ್ಳು ಹೇಳಲಿಲ್ಲ. ಆ ಎದೆಗೂ ಈ ಎದೆಗೂ ನಡುವಿನ ದಾರಿಯನ್ನು ಮಾತ್ರ ಹಾರಿಸಿಬಿಟ್ಟ.

ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಡಾಕ್ಟರುಗಳ ತಂಡ ಬಂತು. ಅವರ ಕೈಯಲ್ಲಿದ್ದದ್ದು ಥೇಟ್ ಮೀನಿನವನ ಪೆಟ್ಟಿಗೆಯಂಥದೇ ಒಂದು ನೀಲಿ ಪೆಟ್ಟಿಗೆ. ಬಿಸಿಲೇರುವ ಹೊತ್ತಿಗೆ ಕೆಲಸ ಮುಗಿದು, ಪೆಟ್ಟಿಗೆ ಪಕ್ಕದ ಬಾಗಿಲಿನಿಂದ ಆಂಬುಲೆನ್ಸ್ ಹತ್ತಿತು. ಓನರಮ್ಮ ಆಸ್ಪತ್ರೆಯ ಅಂಗಳದ ಹೊಂಗೆಮರ ಸುತ್ತುತ್ತಲೇ ಇದ್ದರು. ಕೋಆರ್ಡಿನೇಟರ್ ಹೊರಗೆ ಬಂದದ್ದೇ ತಡ, ಎದುರಿಗೆ ಹೋಗಿ ನಿಂತರು. ಸಂಕಟದಲ್ಲಿ ಬಾಯಿಗೆ ಮನೆಮಾತೇ ಬಂತು.

"ಗುಂಡೆ ಆಗಿಂದಾ ನಾಯ್ನಾ?"

ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು. ಗುಂಡಿಗೆ ನಿಂತಿತಾ ಅಪ್ಪಾ ಎಂದು ಅವರು ಕೇಳಿದ್ದು. ಮೈಸೂರಿನವನ ಕಿವಿಗೆ ಬಿದ್ದದ್ದು ಗುಂಡಿಗೆಯ ಕೆಲಸ ಆಯಿತಾ ಎಂದು. ಅವನು ಕೈಮುಗಿದು, "ಹೂಂ ಅಮ್ಮ, ಆಗಿದೆ. ತುಂಬಾ ಚೆನ್ನಾಗಿ ಆಗಿದೆ" ಎಂದ.

ಓನರಮ್ಮ ಮರದ ಕಟ್ಟೆಯ ಮೇಲೆ ಕುಸಿದರು. ಮರುಕ್ಷಣವೇ ಎದ್ದು ಅವನ ಅಂಗಿ ಹಿಡಿದರು. "ನಿಲ್ಲಲ್ಲ ಅಂದ್ಯಲ್ಲೋ. ನಿಲ್ಲಿಸಿ ಕೊಂಡೋದ್ರಾ?"

ನಾನು ಓಡಿಹೋಗಿ ನಡುವೆ ನಿಂತು, ಎರಡು ಭಾಷೆಯ ತೊಡಕನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಅವನಿಗೆ ಹೋದ ಜೀವ ಬಂದಂತಾಯಿತು. ಆಪರೇಷನ್ ಆಗಿದೆ ಎಂದಷ್ಟೇ ತಾನು ಹೇಳಿದ್ದು ಎಂದು ತೊದಲಿದ. ಓನರಮ್ಮ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಸಿಸ್ಟರಮ್ಮ, ನೀನು ಹೇಳು. ನಿಂತೈತಾ, ಇಲ್ವಾ?"

ಮಾತಿನ ಗೊಂದಲ ಅಷ್ಟೇ ಎಂದು ಸಾಗಹಾಕಬಹುದಿತ್ತು. ಆ ಕಣ್ಣಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ನಿಂತಿದೆ ಎಂದೆ. ತೆಗೆಯುವ ಮುಂಚೆ ತಣ್ಣನೆಯ ಔಷಧಿ ಬಿಟ್ಟು ಅವರೇ ನಿಲ್ಲಿಸುತ್ತಾರೆ, ರಕ್ತವಿಲ್ಲದೆ ಬಡಿದುಕೊಂಡರೆ ಅದು ದಣಿದು ಕೆಟ್ಟುಹೋಗುತ್ತದೆ, ಐಸಿನಲ್ಲಿ ಸುಮ್ಮನೆ ಮಲಗಿದ್ದರೆ ನಾಲ್ಕು ಗಂಟೆ ತಡೆಯುತ್ತದೆ, ಅಷ್ಟರಲ್ಲಿ ಇನ್ನೊಂದು ಎದೆಗೆ ಹೊಲಿದು ಬಿಸಿರಕ್ತ ಬಿಟ್ಟರೆ ಎದ್ದುಕೊಳ್ಳುತ್ತದೆ ಎಂದೆಲ್ಲ ಹೇಳಿದೆ. ಅಲ್ಲೇ ಹೋಗುತ್ತಿದ್ದ ಡಾಕ್ಟರೊಬ್ಬರು ಸಹಾಯ ಮಾಡಲು ನಿಂತು, ಹಾಲು ಕೆಡದಿರಲಿ ಅಂತ ತಣ್ಣಗೆ ಇಡ್ತೀವಲ್ಲ, ಹಾಗೇ ಎಂದರು.

"ನನ್ ತಮ್ಮ ಡೈರಿ ಹಾಲಾ ಸಾರ್?" ಎಂದರು ಓನರಮ್ಮ. ಡಾಕ್ಟರು ಮುಂದೆ ನಿಲ್ಲಲಿಲ್ಲ.

ಅಷ್ಟರಲ್ಲಿ ದೇಹವನ್ನು ಮನೆಯವರಿಗೆ ಒಪ್ಪಿಸಿದ್ದರು. ಊರಿನಿಂದ ಬಂದಿದ್ದ ಅವರ ಚಿಕ್ಕಪ್ಪ ವ್ಯಾನು ತಂದು ನಿಲ್ಲಿಸಿ ಅವಸರ ಮಾಡುತ್ತಿದ್ದರು. "ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕಮ್ಮ. ಗುಂಡಿ ತೋಡ್ಸಿ ಬಂದಿದೀನಿ."

ಓನರಮ್ಮ ಕದಲಲಿಲ್ಲ. "ಅವನದೊಂದು ಇನ್ನೂ ದಾರೀಲೈತೆ ಚಿಕ್ಕಪ್ಪ. ಅತ್ಲಾಗೆ ಸತ್ತೂ ಇಲ್ಲ, ಇತ್ಲಾಗೆ ಬದುಕೂ ಇಲ್ಲ. ಅರ್ಧ ಮನುಷ್ಯನ್ನ ಹೆಂಗೆ ಮಣ್ಣಿಗಿಡ್ತೀಯ? ಅದು ಹೊಡ್ಕೊಳ್ಳೋ ತನಕ ಗಾಡಿ ಹೊರಡಬಾರ್ದು."

ಚಿಕ್ಕಪ್ಪನ ಜೊತೆ ಬಂದಿದ್ದ ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದಕ್ಕೆ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ.

ಕಾದೆವು. ಹೊಸಕೋಟೆ ದಾಟಿತು ಎಂದು ಫೋನು ಬಂತು, ಆಸ್ಪತ್ರೆ ಸೇರಿತು ಎಂದು ಬಂತು, ಆಮೇಲೆ ಫೋನೇ ಇಲ್ಲ. ವ್ಯಾನಿನ ಡ್ರೈವರು ಇಂಜಿನ್ ಹಚ್ಚುವುದು, ಆರಿಸುವುದು ಮಾಡುತ್ತಿದ್ದ. ಓನರಮ್ಮ ಮರದ ಸುತ್ತ, ನಾನು ಓನರಮ್ಮನ ಹಿಂದೆ. ಎಲ್ಲ ಗುಂಡಿಗೆಯೂ ಎದ್ದುಕೊಳ್ಳುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು, ಅದನ್ನು ಮಾತ್ರ ಅವರಿಗೆ ಹೇಳಿರಲಿಲ್ಲ. ಅದು ಏಳದಿದ್ದರೆ ಈ ಹೆಂಗಸು ತಮ್ಮನನ್ನು ಎರಡನೇ ಸಲ ಕಳೆದುಕೊಳ್ಳುತ್ತಾರೆ, ಅದೂ ತಾವೇ ಕೈಯಾರೆ ಕೊಟ್ಟು... ಹಾಗೆ ಯೋಚಿಸಿದಷ್ಟೂ ನನ್ನ ಹೆಜ್ಜೆ ಜೋರಾಗುತ್ತಿತ್ತು. "ಯಾಕೆ ಓಡ್ತೀಯ, ನಿಧಾನಕ್ಕೆ ಬಾ" ಎಂದು ಓನರಮ್ಮನೇ ಗದರಿದರು.

ಹೊಂಗೆಯ ನೆರಳು ಕಾಂಪೌಂಡ್ ಗೋಡೆ ಹತ್ತಿದಾಗ ಕೋಆರ್ಡಿನೇಟರ್ ಓಡಿಬಂದ. "ಅಮ್ಮ, ಆಗಿ..." ಎಂದು ಶುರುಮಾಡಿದವನು ನಾಲಿಗೆ ಕಚ್ಚಿಕೊಂಡ. ಉಸಿರೆಳೆದುಕೊಂಡು, "ಹೊಡ್ಕೊಳ್ತಾ ಇದೆ ಅಮ್ಮ" ಎಂದ.

ಓನರಮ್ಮ ಅವನಿಗೆ ಕೈಮುಗಿಯಲಿಲ್ಲ, ಹರಸಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು, "ನಡೀ ಚಿಕ್ಕಪ್ಪ" ಎಂದು ವ್ಯಾನು ಹತ್ತಿ ತಮ್ಮನ ತಲೆಯ ಹತ್ತಿರ ಕೂತರು. ಬಾಗಿಲು ಹಾಕುವಾಗ ಬಾಯಿಬಿಟ್ಟು ಅತ್ತರು. ಅಲ್ಲಿಯವರೆಗೆ ಅವರಿಗೆ ಅಳಲು ಪುರುಸೊತ್ತೇ ಇರಲಿಲ್ಲ.

ಆಮೇಲೆ ಓನರಮ್ಮ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದಾಗಲೆಲ್ಲ ಒಂದೇ ಪ್ರಶ್ನೆ. ಅದು ಹೆಂಗಿದೆ? ಯಾರಲ್ಲಿದೆ? ಕೊಟ್ಟವರಿಗೆ ತಗೊಂಡವರು ಯಾರೆಂದು ಹೇಳುವಂತಿಲ್ಲ, ನನಗೂ ಗೊತ್ತಿಲ್ಲ ಎನ್ನುತ್ತಿದ್ದೆ. ಗಂಡೋ ಹೆಣ್ಣೋ ಅದನ್ನಾದರೂ ಹೇಳಬಾರದಾ ಎಂದು ರೇಗುತ್ತಿದ್ದರು. "ಹಸು ಮಾರಿದ್ರೂನೂ ಸರಿಯಾಗಿ ಮೇಯ್ತೈತಾ ಅಂತ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀವಿ. ಇದೆಂಥ ಕಾನೂನು ನಿಮ್ದು?" ನಾನು ಮಾಲೂರಿಗೆ ಬಂದ ಮೇಲೂ ಫೋನು ಮಾಡಿ ಅದನ್ನೇ ಕೇಳುತ್ತಿದ್ದರು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಅವರ ಚಿಕ್ಕಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅವರ ಬೈಗುಳವಿಲ್ಲದೆ ನನಗೆ ಬದುಕು ಸಪ್ಪೆ ಎನಿಸುತ್ತದೆ, ಫೋನು ರಿಂಗಾದರೆ ಅವರದಲ್ಲ ಎಂದು ಗೊತ್ತಿದ್ದೂ ಎದ್ದು ಹೋಗುತ್ತೇನೆ. ಗುಂಡಿಗೆ ಎಲ್ಲೋ ಬಡಿಯುತ್ತಿರಬಹುದು, ಇಲ್ಲದೆಯೂ ಇರಬಹುದು. ನಿಂತರೆ ಹೇಳಿಕಳಿಸುವವರಿಲ್ಲ. ಹೇಳಿಕಳಿಸಿದರೂ, ಸುದ್ದಿ ಕೇಳಿ ಸೂತಕವೆಂದು ತಲೆಗೆ ನೀರು ಹಾಕಿಕೊಳ್ಳಲು ಆ ಮನೆಯವರೆಂದು ಯಾರೂ ಉಳಿದಿಲ್ಲ. ನಾನು ಬರೀ ಬಾಡಿಗೆಗಿದ್ದವಳು. ಆದರೂ ಯಾರಾದರೂ ನನಗೆ ಹೇಳಲಿ, ನಾನು ಹಾಕಿಕೊಳ್ಳುತ್ತೇನೆ.