ಕ್ಯಾಮೆರಾ ನೋಡಿದವನು

ವಿಂಕೊ ಜುವಾನಿಚ್‌ನ ಚಿತ್ರಗಳಲ್ಲಿ ಯಾರೂ ಕ್ಯಾಮೆರಾದತ್ತ ನೋಡುವುದಿಲ್ಲ. ಅದು ಅವನ ಹಟ. ಸ್ಪ್ಲಿತ್‌ನ ಸಿನಿಮಾ ಕ್ಲಬ್ಬಿನಲ್ಲಿ ಎರವಲು ಕ್ಯಾಮೆರಾ ಹಿಡಿದು ಕಲಿತವನು ಜಾಗ್ರೆಬ್‌ಗೆ ಹೋಗಿ ಒಂಬತ್ತು ಚಿತ್ರ ಮಾಡಿದ, ದೇಶವಿಡೀ ಹೆಸರಾದ. ಅವನ ಹುಟ್ಟೂರಾದ ನಮ್ಮ ದ್ವೀಪದ ಕೊಮಿಜಾದಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. "ಅಪ್ಪ ಬೂತಾಯಿ ಮೀನನ್ನ ಡಬ್ಬಿಗೆ ತುಂಬ್ತಿದ್ದ, ಮಗ ರೀಲಿನ ಡಬ್ಬಿಗೆ ಮನುಷ್ಯರನ್ನ ತುಂಬ್ತಾನೆ," ಎಂದು ಬಂದರಿನ ಮುದುಕರು ನಗುತ್ತಿದ್ದರು.

ಮೊದಲ ಚಿತ್ರ ನಮ್ಮ ಮೀನುಗಾರರದ್ದೇ. ಅರವತ್ತೆಂಟರ ಬೇಸಿಗೆಯಲ್ಲಿ ಮೂರು ದಿನ ದೋಣಿಯಲ್ಲಿ ಕೂತು ತೆಗೆದ. ವಿಧವೆ ಪೆರಿನಾಳ ಒಬ್ಬನೇ ಮಗ ನಿಕ್ಷಾ ಬಲೆ ಎಳೆಯುತ್ತಿದ್ದವನು ತಿರುಗಿ, ಹಲ್ಲು ಬಿಟ್ಟು, ನೇರ ಕ್ಯಾಮೆರಾಕ್ಕೇ ನಕ್ಕುಬಿಟ್ಟ.

"ಕತ್ತೆ! ಇತ್ತ ನೋಡ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ವಿಂಕೊ ಕಿರುಚಿದ್ದ. ಆ ತುಂಡನ್ನು ಕತ್ತರಿಸಿಯೂ ಹಾಕಿಸಿದ. ಉಳಿದ ಹೊತ್ತೆಲ್ಲ ನಿಕ್ಷಾ ಚುಕ್ಕಾಣಿ ಹಿಡಿದು ಕ್ಯಾಮೆರಾದ ಬೆನ್ನಿಗಿದ್ದವನು. ಹಾಗಾಗಿ ಚಿತ್ರದಲ್ಲಿ ಅವನೇ ಇಲ್ಲ.

ಆ ಚಳಿಗಾಲ ತೆಂಕಣ ಗಾಳಿ ಅವನ ದೋಣಿಯನ್ನು ಕೊಂಡೊಯ್ದಿತು. ಹೆಣವೂ ಸಿಗಲಿಲ್ಲ. ವಸಂತದಲ್ಲಿ ಚಿತ್ರ ಊರಿಗೆ ಬಂದಾಗ ಪೆರಿನಾ ಹೋಗಲಿಲ್ಲ, ಸತ್ತವರಿಗಾಗಿ ಕಪ್ಪುಟ್ಟವರು ಸಿನಿಮಾಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆಕೆ ಕಪ್ಪು ಕಳಚಲೇ ಇಲ್ಲ. "ನನ್ ಮಗ ಹೇಗೆ ಕಾಣ್ತಾನೆ?" ಎಂದು ಕೇಳಿದಾಗ ನೆರೆಯವಳೊಬ್ಬಳು, "ರಾಜಕುಮಾರನ ಹಾಗೆ ಕಾಣ್ತಾನೆ ಅತ್ತೆ," ಅಂದುಬಿಟ್ಟಳು. ಆಮೇಲೆ ಊರೆಲ್ಲ ಅದನ್ನೇ ಹೇಳಿತು. ಇಲ್ಲ ಅನ್ನಲು ಯಾರಿಗೆ ಬಾಯಿ ಬಂದೀತು?

ಇಪ್ಪತ್ತೆಂಟು ವರ್ಷ ಕಳೆದು, ಆ ಹಳೆಯ ಚಿತ್ರವನ್ನು ಬಯಲು ಸಿನಿಮಾದಲ್ಲಿ ತೋರಿಸಲು ಊರಿನವರು ವಿಂಕೊನನ್ನು ಕರೆಸಿದರು. ಮೀನು ಮಾರ್ಕೆಟ್ಟಿನಲ್ಲಿ ಪೆರಿನಾ ಅವನ ತೋಳು ಹಿಡಿದಳು.

"ಲೋ ವಿಂಕೊ, ಶನಿವಾರ ನಾನೂ ಬರ್ತೀನಿ ಕಣೋ. ಪಾದ್ರಿ ಬೈದ್ರೆ ಬೈಕೊಳ್ಲಿ. ಕಣ್ಣು ಪೂರ್ತಿ ಮಂಜಾಗೋದ್ರೊಳಗೆ ಮಗನ ಮುಖ ಒಂದ್ಸಲ ನೋಡ್ಬೇಕು."

ವಿಂಕೊಗೆ ತಾನು ಕತ್ತರಿಸಿ ಹಾಕಿಸಿದ ತುಂಡು ನೆನಪಾಯಿತು. "ಬಾ ಅತ್ತೆ," ಅಂದ.

ಸೀದಾ ಅಂಚೆ ಕಚೇರಿಗೆ ಹೋಗಿ ಜಾಗ್ರೆಬ್‌ನಲ್ಲಿದ್ದ ಬ್ರಾಂಕಾಗೆ ಫೋನು ಮಾಡಿದ. ಅವನ ಚಿತ್ರಗಳನ್ನೆಲ್ಲ ಕತ್ತರಿಸಿ ಜೋಡಿಸಿದವಳು ಅವಳು.

"ಆ ನಗೋ ಹುಡುಗನ ತುಂಡಾ? ಬಿಸಾಕು ಅಂದಿದ್ದೆ ನೀನು."

"ಬಿಸಾಕಿದ್ಯಾ?"

"ನಿನ್ ಮಾತನ್ನ ನಾನು ಯಾವತ್ತು ಪೂರ್ತಿ ಕೇಳಿದೀನಿ ಹೇಳು?"

ಪುಣ್ಯಾತ್ಗಿತ್ತಿ! ತುಂಡು ಬಸ್ಸು ಹತ್ತಿ, ಹಡಗು ಹತ್ತಿ ಶುಕ್ರವಾರ ಬಂತು. ಏಳು ಸೆಕೆಂಡು, ಸದ್ದಿಲ್ಲ, ಮೈತುಂಬ ಗೀರು. ಸಿನಿಮಾ ಯಂತ್ರ ನಡೆಸುವ ಸ್ಟಿಪೆ ಮುಖ ಕಿವಿಚಿದ. "ಇದನ್ನ ಅಂಟಿಸಿದ್ರೆ ನಿಮ್ಮ ಒಳ್ಳೇ ಚಿತ್ರ ಕೆಡುತ್ತೆ, ವಿಂಕೊ ಯಜಮಾನ್ರೇ."

"ಕೆಡ್ಲಿ ಬಿಡು," ಎಂದು ವಿಂಕೊ ತಾನೇ ಕೂತು ಅಂಟಿಸಿದ.

ಶನಿವಾರ ಸಂಜೆ ಕಪ್ಪು ವಲ್ಲಿ ಹೊದ್ದು ಪೆರಿನಾ ಮುಂದಿನ ಸಾಲಿನಲ್ಲಿ ಕೂತಳು. ವರ್ಷಗಟ್ಟಲೆ ಸುಳ್ಳು ಹೇಳಿದ್ದ ಊರು ತಲೆ ತಗ್ಗಿಸಿ ಅವಳ ಹಿಂದೆ ಕೂತಿತ್ತು. ತೆರೆಯ ಮೇಲೆ ದೋಣಿ, ಬಲೆ, ಬಲೆ ಎಳೆಯುವ ಕೈಗಳು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ನಿಕ್ಷಾ ತಿರುಗಿದ, ನೇರ ನೋಡಿದ, ನಕ್ಕ. ಪೆರಿನಾ ಎದ್ದು ನಿಂತಳು. ಆಕೆಯ ನೆರಳು ತೆರೆಗೆ ಬಿತ್ತು. ಯಾರೊಬ್ಬರೂ ಕೂತ್ಕೋ ಅನ್ನಲಿಲ್ಲ.

ಚಿತ್ರ ಮುಗಿದ ಮೇಲೆ ವಿಂಕೊ ಅವಳ ಕಾಲ ಬಳಿ ಮಂಡಿಯೂರಿ ಕೂತ. ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕೆಂದು ಬಂದಿದ್ದ. "ಅತ್ತೆ, ನಾನು ಅವತ್ತು ಅವನ್ನ..." ಅನ್ನುವಷ್ಟರಲ್ಲಿ ಅತ್ತುಬಿಟ್ಟ.

ಪೆರಿನಾ ಅವನ ತಲೆ ಸವರಿದಳು. "ಅಳ್ಬೇಡ್ವೋ. ಮಿಕ್ಕೋರೆಲ್ಲ ಎಲ್ಲೆಲ್ಲೋ ನೋಡ್ತಿದ್ರು, ಕಂಡ್ಯಾ? ನನ್ ಮಗ ಒಬ್ನೇ ನನ್ನ ನೋಡ್ದ."